ಮೂರುಬಾವಿ ಓಣಿಯ ತಲೆಯೆಣಿಕೆ

ಈಗಿನ ಮಕ್ಕಳಿಗೆ ನೀರು ಬರುವುದೆಂದರೆ ಏನೆಂದು ಹೇಳಿ ತಿಳಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ನಳ ತಿರುಗಿಸಿದರೆ ನೀರು, ಕಟ್ಟಿದರೆ ಇಲ್ಲ. ಅವರ ಲೆಕ್ಕ ಅಷ್ಟೇ. ನೀರು ಬರುವುದಕ್ಕೂ ಒಂದು ದಿನವಿತ್ತು, ಆ ದಿನ ಹುಬ್ಬಳ್ಳಿಯ ನಮ್ಮ ಮೂರುಬಾವಿ ಓಣಿಯಲ್ಲಿ ಯಾರೂ ಪರಊರಿಗೆ ಹೋಗುತ್ತಿರಲಿಲ್ಲ, ಮದುವೆಗೆ ಹೋದರೂ ಅಕ್ಕಿಕಾಳು ಹಾಕಿ ಊಟಕ್ಕೆ ನಿಲ್ಲದೆ ಓಡಿ ಬರುತ್ತಿದ್ದರು ಎಂದರೆ ನನ್ನ ಮೊಮ್ಮಗಳು, "ಯಾಕಜ್ಜಿ, ಟ್ಯಾಂಕ್ ಇರಲಿಲ್ಲೇನು?" ಎನ್ನುತ್ತಾಳೆ. ಟ್ಯಾಂಕ್ ಇತ್ತು ತಾಯಿ, ಅದರೊಳಗೆ ಹಾಕಲು ನೀರು ಬೇಕಲ್ಲ.

ನೀರು ವಾರಕ್ಕೊಮ್ಮೆ ಬರುತ್ತಿತ್ತು. ಒಮ್ಮೊಮ್ಮೆ ವಾರವೂ ದಾಟುತ್ತಿತ್ತು. ಬೆಳಗ್ಗೆ ಬರುತ್ತದೋ ಸಂಜೆ ಬರುತ್ತದೋ ವಾಲ್ವ್ ತಿರುಗಿಸುವವನಿಗೇ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಅಂಥ ಕಾಲದಲ್ಲಿ ನಮ್ಮ ಓಣಿಯ ಒಂದು ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದ ಇರಾವತಿ ಹಂಚಿನಾಳ ಎಂಬ ಹುಡುಗಿಗೆ ಒಂದು ಯೋಚನೆ ಬಂತು. ಹುಡುಗಿ ಎಂದೆ, ಆಗಲೇ ಅವಳಿಗೆ ಮೂವತ್ತು ದಾಟಿತ್ತು, ಪಾಲಿಟೆಕ್ನಿಕ್‌ನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ನೀರು ಬರುವ ಮುಂಚೆ ನಳದಲ್ಲಿ ಗಾಳಿ ಬರುತ್ತದೆ. ಮೊದಲು ಸಣ್ಣಗೆ ಸುಯ್ ಎನ್ನುತ್ತದೆ, ಆಮೇಲೆ ಬುಸ್ ಎನ್ನುತ್ತದೆ, ಕೊನೆಗೆ ಗೊರಗೊರ. ಆ ಸದ್ದನ್ನು ಸರಿಯಾಗಿ ಕೇಳಿಸಿಕೊಂಡರೆ ನೀರು ಎಷ್ಟು ದೂರದಲ್ಲಿದೆ ಎಂದು ಹೇಳಬಹುದಲ್ಲ ಎಂದು ಅವಳಿಗೆ ಹೊಳೆಯಿತು. ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿಯೊಂದನ್ನು ಮಾಡಿ ನಳಕ್ಕೆ ಕಟ್ಟಿದಳು. ಊರಿನ ನೂರಾರು ನಳಗಳ ಡಬ್ಬಿಗಳು ಕೇಳಿಸಿಕೊಂಡದ್ದನ್ನು ಅವಳು ಬರೆದ ತಂತ್ರಾಂಶ ಕೂಡಿಸಿ, ನಿಮ್ಮ ಓಣಿಗೆ ಇನ್ನು ಅರ್ಧ ತಾಸು ಎಂದು ಪ್ರತಿಯೊಬ್ಬರ ಫೋನಿಗೂ ತಿಳಿಸುತ್ತಿತ್ತು. ತಂತ್ರಾಂಶದ ಹೆಸರು 'ನಳಾ ಬಂತು'.

ಅದನ್ನು ಅವಳು ಮಾರಲಿಲ್ಲ. ಓಪನ್ ಸೋರ್ಸ್ ಮಾಡಿ ಬಯಲಿಗಿಟ್ಟಳು. ಬೇಕಾದವರು ತೆಗೆದುಕೊಳ್ಳಿ, ಬಿಚ್ಚಿ ನೋಡಿ, ತಿದ್ದಿ, ಬಳಸಿ, ಕಾಸು ಬೇಡ. ಲಾತೂರಿನವರು ತೆಗೆದುಕೊಂಡರು, ವಿಜಯಪುರದವರು ತೆಗೆದುಕೊಂಡರು, ಎಲ್ಲಿಯದೋ ನೈರೋಬಿಯ ಬಡಾವಣೆಗಳವರೂ ತೆಗೆದುಕೊಂಡರು. ತೆಗೆದುಕೊಂಡವರೆಲ್ಲ ಅವಳನ್ನು ಮರೆತರು, ಕೆಟ್ಟಾಗ ಮಾತ್ರ ನೆನೆದರು. ಹೊಸ ಫೋನು ಬಂದರೆ ತಂತ್ರಾಂಶ ಕೆಡುತ್ತಿತ್ತು. ಕಬ್ಬಿಣದ ಪೈಪು ತೆಗೆದು ಪ್ಲಾಸ್ಟಿಕ್ಕಿನದು ಹಾಕಿದರೆ ಸದ್ದೇ ಬೇರೆಯಾಗಿ ಕೆಡುತ್ತಿತ್ತು. ಪಾಠ ಮುಗಿಸಿ ಬಂದ ಮೇಲಿನ ಅವಳ ಹೊತ್ತೆಲ್ಲ ಇದಕ್ಕೇ ಹೋಗುತ್ತಿತ್ತು. ನಮ್ಮ ಓಣಿಯವರಂತೂ ಫೋನ್ ಕೂಡ ಮಾಡುತ್ತಿರಲಿಲ್ಲ, ಸೀದಾ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದರು.

"ಇರಾವತಿ ಟೀಚರ್, ಅರ್ಧ ತಾಸು ಅಂತ ತೋರಿಸೈತಿ, ಮುಕ್ಕಾಲು ತಾಸಾತು. ಏನ್ರಿ ಇದು?"

"ಬರತೈತ್ರಿ. ಮೇನ್ ರೋಡಿನ್ಯಾಗ ಪೈಪ್ ಒಡದೈತಿ, ಅದಕ್ಕ ತಡಾ."

ಪಾಪ, ಒಡೆದ ಪೈಪಿಗೂ ಅವಳೇ ಜವಾಬ್ದಾರಿ ಎಂಬಂತೆ ಜನ ಅವಳ ಮುಖ ನೋಡುತ್ತಿದ್ದರು.

ಹೀಗಿರುವಾಗ ಕೊಲ್ಹಾಪುರದ ನೀರಿನ ಮೀಟರ್ ಕಂಪನಿಯೊಂದು ಅವಳನ್ನು ಕರೆಯಿತು. ಒಳ್ಳೆಯ ಸಂಬಳ, ಸ್ವಂತ ಪ್ರಯೋಗಶಾಲೆ, ಕೈಕೆಳಗೆ ನಾಲ್ಕು ಜನ. ಷರತ್ತು ಒಂದೇ, ಕಂಪನಿಗೆ ಸೇರಿದ ಮೇಲೆ ಹೊರಗಿನ ಕೆಲಸ ಮುಟ್ಟುವಂತಿಲ್ಲ. ಬಯಲಿಗಿಟ್ಟ ತಂತ್ರಾಂಶವನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು, ನಿಜ. ಆದರೆ ನೋಡಿಕೊಳ್ಳುತ್ತೇನೆ ಎಂದು ಮುಂದೆ ಬಂದವರು ಒಬ್ಬರೂ ಇರಲಿಲ್ಲ. ಅವಳು ಬಿಟ್ಟರೆ 'ನಳಾ ಬಂತು' ಒಂದು ಮಳೆಗಾಲವನ್ನೂ ಕಳೆಯುತ್ತಿರಲಿಲ್ಲ. ತಿಂಗಳ ಕೊನೆಗೆ ಹೇಳುತ್ತೇನೆ ಎಂದು ಇರಾವತಿ ಕಂಪನಿಯವರಿಂದ ಸಮಯ ಕೇಳಿದಳು. ಏಕೆಂದರೆ ಹೀಗೆ ಬಯಲಿಗಿಟ್ಟ ತಂತ್ರಾಂಶಗಳಿಗೆ ಹಣ ಕೊಡುವ ಆಸರೆ ನಿಧಿಯ ಸುತ್ತು ಆ ತಿಂಗಳೇ ನಡೆಯುತ್ತಿತ್ತು. ನಿಧಿ ಸಿಕ್ಕರೆ ಪಾಲಿಟೆಕ್ನಿಕ್ ಬಿಟ್ಟು ಪೂರಾ ಇದನ್ನೇ ಮಾಡಿಕೊಂಡು ಇರಬಹುದು. ಸಿಗದಿದ್ದರೆ ಕೊಲ್ಹಾಪುರ.

ಆ ನಿಧಿಯ ಕಚೇರಿಯಲ್ಲೇ ನಾನು ಕೆಲಸಕ್ಕಿದ್ದೆ. ನಾನು ಮಂದಾಕಿನಿ ಕಿತ್ತೂರಮಠ, ಮೂರುಬಾವಿ ಓಣಿಯ ಸೊಸೆ.

ನಿಧಿಯ ವಿಚಾರ ನಾಲ್ಕು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಬ್ಲಾಕ್‌ಚೈನ್ ಎಂಬುದೊಂದು ಲೆಕ್ಕದ ಸರಪಳಿ. ಜಗತ್ತಿನ ಸಾವಿರಾರು ಕಂಪ್ಯೂಟರುಗಳು ಅದೇ ಲೆಕ್ಕವನ್ನು ತಮ್ಮ ತಮ್ಮಲ್ಲಿ ಇಟ್ಟುಕೊಂಡಿರುತ್ತವೆ. ಒಂದು ಕಡೆ ಯಾರಾದರೂ ತಿದ್ದಿದರೆ ಉಳಿದವು ಒಪ್ಪುವುದಿಲ್ಲ. ಹಾಗಾಗಿ ನಡುವೆ ಬ್ಯಾಂಕೂ ಬೇಡ, ಸಾಹೇಬನೂ ಬೇಡ, ಜನ ಕೊಟ್ಟದ್ದು ಸೀದಾ ತಂತ್ರಾಂಶ ಬರೆದವರ ಕೈ ಸೇರುತ್ತದೆ. ಇದರ ಜೊತೆಗೆ ದೊಡ್ಡ ದಾನಿಗಳು ಮೊದಲೇ ತುಂಬಿಸಿಟ್ಟ ಒಂದು ಹಗೇವು, ಕಾಳು ತುಂಬಿಡುವ ನೆಲದೊಳಗಿನ ಕಣಜದಂಥದು, ಇತ್ತು. ಆ ಹಗೇವಿನಿಂದ ಯಾವ ಕೆಲಸಕ್ಕೆ ಎಷ್ಟು ಎನ್ನುವುದು ಬಂದ ದುಡ್ಡನ್ನು ನೋಡಿ ಅಲ್ಲ, ಕೊಟ್ಟ ತಲೆಗಳನ್ನು ನೋಡಿ. ಒಬ್ಬ ಸಾಹುಕಾರ ನೂರು ರೂಪಾಯಿ ಕೊಟ್ಟರೆ ಒಂದು ತಲೆ. ನೂರು ಜನ ಒಂದೊಂದು ರೂಪಾಯಿ ಕೊಟ್ಟರೆ ನೂರು ತಲೆ. ತಲೆ ಹೆಚ್ಚಿದ್ದ ಕೆಲಸಕ್ಕೆ ಹಗೇವು ಬಾಯಿ ತೆರೆಯುತ್ತಿತ್ತು.

ಚೆಂದ ಇದೆಯಲ್ಲ? ಚೆಂದ ಇದ್ದಲ್ಲಿ ಕಳ್ಳರೂ ಬರುತ್ತಾರೆ. ಒಬ್ಬನೇ ಕೂತು ನೂರು ಸುಳ್ಳು ತಲೆ ಮಾಡಿಕೊಂಡರೆ? ಇಲ್ಲವೇ ಒಬ್ಬ ಪುಢಾರಿ ದುಡ್ಡು ಕೊಟ್ಟು ನೂರು ಜನರ ಹೆಬ್ಬೆಟ್ಟು ಕೊಂಡುಕೊಂಡರೆ? ಅದಕ್ಕೇ ಒಂದು ಜರಡಿ ಇಟ್ಟಿದ್ದರು. ಜರಡಿ ಎಂದರೆ ಅದೂ ಒಂದು ತಂತ್ರಾಂಶವೇ. ಯಾರು ಯಾರು ಯಾವಾಗಲೂ ಒಟ್ಟಿಗೆ, ಒಂದೇ ಹೊತ್ತಿಗೆ, ಒಂದೇ ಮೊತ್ತವನ್ನು, ಒಂದೇ ಕೆಲಸಕ್ಕೆ ಕೊಡುತ್ತಾರೋ ಅವರನ್ನೆಲ್ಲ ಕೂಡಿಸಿ ಒಬ್ಬನೇ ಮನುಷ್ಯ ಎಂದು ಹಿಡಿಯುತ್ತಿತ್ತು. ಆ ಜರಡಿಯ ಮುಂದೆ ದಿನವಿಡೀ ಕೂತು ಕಾಯುವುದೇ ನನ್ನ ನೌಕರಿ.

ನಮ್ಮ ಓಣಿ ಕೊಟ್ಟ ದಿನ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊಡುವ ಗಳಿಗೆ ಗೊತ್ತು ಮಾಡಿದವಳು ಸಾವಂತ್ರೆವ್ವ. ಓಣಿಯ ತುದಿ ಮನೆಯವಳು. ಗಂಡ ತೀರಿಕೊಂಡ ಮೇಲೆ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಸಂಸಾರ ಸಾಗಿಸಿದವಳು. ನೀರಿನ ಸರದಿ ಅವಳದೇ ಕಾರುಬಾರು. ನಳ ಬಂದಾಗ ಓಣಿಯೆಲ್ಲ ಹೊರಗೆ ಇರುತ್ತದೆ, ಆದ್ದರಿಂದ ಓಣಿಯ ವಂತಿಗೆ ಯಾವುದೇ ಇರಲಿ ಆಗಲೇ ಎತ್ತಬೇಕು ಎನ್ನುವುದು ಅವಳ ಕಟ್ಟಳೆ. ಗಣಪತಿಯ ವಂತಿಗೆ, ಉರುಸಿನ ವಂತಿಗೆ, ಯಾರ ಮನೆಯಲ್ಲಾದರೂ ಸಾವಾದರೆ ಅದರ ವಂತಿಗೆ, ಎಲ್ಲವೂ ಕೊಡಗಳ ಸಾಲಿನಲ್ಲೇ ಮುಗಿಯುತ್ತಿದ್ದವು. ಎಲ್ಲರೂ ಸಮ ಕೊಡಬೇಕು. ಇದ್ದವರು ಹೆಚ್ಚು ಕೊಟ್ಟು ದೊಡ್ಡಸ್ತಿಕೆ ತೋರಿಸುವ ಹಾಗಿಲ್ಲ, ಇಲ್ಲದವರು ತಲೆ ತಗ್ಗಿಸುವ ಹಾಗಿಲ್ಲ.

ಆ ದಿನವೂ ಹಾಗೆಯೇ ಆಯಿತು. ಒಂದು ಕಡೆ ಕೊಡಗಳ ಸಾಲು, ಇನ್ನೊಂದು ಕಡೆ ಜನರ ಸಾಲು. ಫೋನು ಇದ್ದವರು ತಮ್ಮದರಲ್ಲಿ, ಇಲ್ಲದವರು ಸಾವಂತ್ರೆವ್ವನ ಫೋನಿನಲ್ಲೇ ತಮ್ಮ ತಮ್ಮ ಹೆಬ್ಬೆಟ್ಟು ಒತ್ತಿ ಹತ್ತು ಹತ್ತು ರೂಪಾಯಿ ಕೊಟ್ಟರು.

"ಕೈ ಒರಿಸ್ಕೊಂಡು ಒತ್ತರಿ, ತೊಯ್ದ ಕೈ ತಗೊಳ್ಳಂಗಿಲ್ಲ ಇದು," ಎಂದು ಸಾವಂತ್ರೆವ್ವ ಸೆರಗನ್ನೇ ಮುಂದೆ ಹಿಡಿದಿದ್ದಳು.

ಅವಳ ಎದುರು ಮನೆಯ ಜೈತುನಬಿಗೆ ಮಂಡಿನೋವು, ಕುಂಟುತ್ತ ಬಂದು ಹೆಬ್ಬೆಟ್ಟು ಒತ್ತಿದಳು. "ಹತ್ತ ರೂಪಾಯಿಗೆ ಟೀಚರ್ ಉಳೀತಾರೇನ?"

"ರೊಕ್ಕಕ್ಕಲ್ಲ ಬೇ, ತಲಿಗೆ ಉಳೀತಾಳ. ತಲಿ ಎಣಸ್ತಾರಂತ."

"ಹಂಗಾದ್ರ ನಮ್ಮ ಮನ್ಯಾಗ ಆರ ತಲಿ ಅದಾವು, ಎಲ್ಲಾ ಕರೀತೇನಿ ತಡಿ."

ಇರಾವತಿ ಮೆಟ್ಟಿಲ ಮೇಲೆ ನಿಂತು ಎಲ್ಲರನ್ನೂ ನೋಡುತ್ತಿದ್ದಳು. ನಾಚಿಕೆಯಿಂದ ಅವಳಿಗೆ ಕೆಳಗೂ ಇಳಿಯಲಾಗಲಿಲ್ಲ, ಒಳಗೂ ಹೋಗಲಾಗಲಿಲ್ಲ. ನನಗಂತೂ ಎದೆ ತುಂಬಿ ಬಂತು. ಇಷ್ಟು ತಲೆ ಇದ್ದ ಮೇಲೆ ಹಗೇವು ಬಾಯಿ ತೆರೆಯದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಮರುದಿನ ಕಚೇರಿಗೆ ಹೋದೆ.

ನಮ್ಮ ಕಚೇರಿಯ ದೊಡ್ಡ ಪರದೆಯ ಮೇಲೆ ಕೊಟ್ಟವರೆಲ್ಲ ಒಂದೊಂದು ಚುಕ್ಕೆಯಾಗಿ ಕಾಣುತ್ತಿದ್ದರು. ಬೇರೆ ಕೆಲಸಗಳ ಚುಕ್ಕೆಗಳು ಅಂಗಳದಲ್ಲಿ ಕಾಳು ಚೆಲ್ಲಿದ ಹಾಗೆ ಹರಡಿದ್ದವು. ನಮ್ಮ ಓಣಿಯ ಚುಕ್ಕೆಗಳು ಮಾತ್ರ ಒಂದರ ಮೇಲೊಂದು ಬಿದ್ದು ಒಂದೇ ಗಂಟಾಗಿದ್ದವು. ಪಕ್ಕದಲ್ಲಿ ತೂಕ, ಅಂದರೆ ಎಣಿಕೆಗೆ ಹಿಡಿದ ತಲೆ, ಎಂದು ಬರೆದಿತ್ತು: ಒಂದು.

ನಮ್ಮ ಮೇಲಿನವರು ಕಟ್ಟಿ ಸರ್ ಕನ್ನಡಕ ತೆಗೆದು ಒರೆಸುತ್ತ ಹೇಳಿದರು, "ಇದು ಒಬ್ಬನ ಕೆಲಸಾ ಅಂತದ ಜರಡಿ."

"ಸರ್, ಅವರೆಲ್ಲಾ ನಮ್ಮ ಓಣಿಯವ್ರು. ಒಬ್ಬೊಬ್ಬರನ್ನೂ ಹೆಸರು ಹಿಡದು ಕರೀತೇನಿ ನಾನು."

"ನಿಮ್ಮ ಓಣಿ ಅಂತನ ನೀವು ಸಾಕ್ಷಿ ಹೇಳೂ ಹಂಗಿಲ್ರಿ. ನಿಯಮ ಅದ."

"ಹಂಗಾದ್ರ ಲಾತೂರಿಂದು ನೋಡ್ರಿ."

ನೋಡಿದರು. ಲಾತೂರಿನ ಓಣಿಗಳದೂ ಅದೇ ಕಥೆ, ಒಂದೊಂದು ಓಣಿ ಒಂದೊಂದು ಗಂಟು. ನೈರೋಬಿಯದೂ ಅದೇ. 'ನಳಾ ಬಂತು' ಬೇಕಾದವರೆಲ್ಲ ನಳ ಬಂದಾಗ ಒಟ್ಟಿಗೆ ಸೇರುವವರೇ. ಸೇರಿದಾಗಲೇ ಒಟ್ಟಿಗೆ ಕೊಟ್ಟಿದ್ದರು. ಸಾವಿರಗಟ್ಟಲೆ ಜನ ಜರಡಿಯ ಕಣ್ಣಿಗೆ ಬೆರಳೆಣಿಕೆಯಷ್ಟು ಕಳ್ಳರಾಗಿ ಕಂಡಿದ್ದರು. ನನಗೆ ಆ ಪರದೆಗೆ ಏನಾದರೂ ಎತ್ತಿ ಒಗೆಯಬೇಕು ಎನ್ನಿಸಿತು. ಒಗೆಯಲಿಲ್ಲ, ನೌಕರಿ ಬೇಕಿತ್ತು.

ಕಟ್ಟಿ ಸರ್ ಒಳ್ಳೆಯವರು. ಮರುನೋಟಕ್ಕೆ ಬರೆದರು. ನಿಧಿಗೆ ಬೇರೆ ಬೇರೆ ದೇಶಗಳಲ್ಲಿ ಕೂತ ಐದು ಜನ ವೀಕ್ಷಕರಿದ್ದರು. ಮುಂದಿನ ಸಲ ನಳ ಬಂದಾಗ ಓಣಿಯಲ್ಲಿ ಕ್ಯಾಮೆರಾ ಇಡಿ, ನಾವೇ ನೋಡುತ್ತೇವೆ ಎಂದರು. ಸುತ್ತು ಮುಗಿಯುವ ತನಕ ಕೊಟ್ಟವರು ಇನ್ನಷ್ಟು ಕೊಡಬಹುದು, ಕೊಟ್ಟದ್ದನ್ನು ಹಿಂದಕ್ಕೂ ತೆಗೆದುಕೊಳ್ಳಬಹುದು ಎಂದೂ ನೆನಪಿಸಿದರು.

ಸಂಜೆ ಓಣಿಗೆ ಬಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ವಿಷಯ ತಿಳಿಸಿದೆ. ಸಾವಂತ್ರೆವ್ವ ಪೂರ್ತಿ ಕೇಳಿದಳು. "ಅಂದ್ರ, ನಾವೆಲ್ಲಾ ಒಬ್ರ ಅಂತ ಮಷಿನ್ ಅಂತೇನವಾ?"

"ಹೌದಕ್ಕಾ."

"ಮತ್ತ ಅದರಾಗೇನು ತಪ್ಪೈತಿ? ಖರೇನ ಹೇಳೇತಿ." ಅವಳ ಮುಖ ಅರಳಿತು. ಜೈತುನಬಿಯೂ ಹೌದೌದು ಎಂದು ತಲೆ ಆಡಿಸಿದಳು. ಓಣಿಯವರೆಲ್ಲ ಮಷಿನ್ ತಮಗೆ ಶಾಲು ಹೊದಿಸಿದ ಹಾಗೆ ಖುಷಿಪಟ್ಟರು. ನಾನು ಹಣೆ ಹಣೆ ಚಚ್ಚಿಕೊಂಡೆ. ಒಬ್ಬರಾದರೆ ನಿಧಿ ಸಿಗುವುದಿಲ್ಲ, ಟೀಚರ್ ಊರು ಬಿಡುತ್ತಾಳೆ ಎಂದು ಮತ್ತೆ ಮೊದಲಿನಿಂದ ಹೇಳಬೇಕಾಯಿತು.

ಕ್ಯಾಮೆರಾ ಇಡುವ ದಿನ ಬೆಳಗ್ಗೆ ಮನೆ ಮನೆಗೆ ಹೋಗಿ ಹೇಳಿದ್ದೆ: ದಿನಾ ಹೆಂಗಿರ್ತೀರೋ ಹಂಗ ಇರ್ರಿ. ನಮ್ಮ ಓಣಿ ದಿನಾ ಹೇಗಿರುತ್ತಿತ್ತು ಎಂದು ನಿಮಗೆ ಗೊತ್ತಿಲ್ಲ. ನಳ ಬಂತೆಂದರೆ ಮಹಾಭಾರತ. ಯಾರೋ ಕದ್ದು ಮೋಟರ್ ಹಚ್ಚಿ ನೀರು ಎಳೆದಿರುತ್ತಾರೆ, ಯಾರೋ ಇನ್ನೊಬ್ಬರ ಕೊಡ ಸರಿಸಿರುತ್ತಾರೆ, ಹಳೆಯ ಸಿಟ್ಟುಗಳೆಲ್ಲ ಅಲ್ಲೇ ಹೊರಬೀಳುತ್ತವೆ. ಅದನ್ನು ಐದು ನಿಮಿಷ ನೋಡಿದರೂ ಸಾಕು, ಇವರು ಒಬ್ಬರಲ್ಲ ಎಂದು ಯಾವ ದೇಶದವನೂ ಒಪ್ಪುತ್ತಾನೆ ಎಂದು ನಾನು ಧೈರ್ಯವಾಗಿದ್ದೆ.

ನಳ ಬಂತು. ಓಣಿಗೆ ಓಣಿಯೇ ಮದುವೆ ಸೀರೆ ಉಟ್ಟು ಹೊರಬಂತು.

"ನೀವ ಮೊದಲ ತುಂಬ್ಕೋರಿ."

"ಇಲ್ರಿ, ನಿಮಗ ಅವಸರಿರತೈತಿ, ನೀವ ತುಂಬ್ಕೋರಿ."

"ಛೇ ಛೇ, ನಿಮ್ಮ ಪಾಳೆ ಅಲ್ಲೇನ್ರಿ, ನಮಗ್ಯಾಕ?"

ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ನಿಂತರು, ನೀರು ಕೊಡ ತುಂಬಿ ಗಟಾರಕ್ಕೆ ಹರಿಯಿತು. ಮೋಟರಿನ ಸಲುವಾಗಿ ವರ್ಷವೆಲ್ಲ ಮಾತು ಬಿಟ್ಟಿದ್ದವರು ಒಬ್ಬರ ಕೊಡ ಇನ್ನೊಬ್ಬರ ತಲೆಗೆ ಎತ್ತಿಟ್ಟರು. ಸಾವಂತ್ರೆವ್ವ ಕ್ಯಾಮೆರಾಕ್ಕೆ ಕೈಮುಗಿದಳು. ನಾನು ಪಕ್ಕಕ್ಕೆ ಕರೆದು ಹಲ್ಲು ಕಚ್ಚಿಕೊಂಡು, "ಏನಿದು ಸಾವಂತ್ರಕ್ಕಾ?" ಎಂದೆ.

"ಪರದೇಶದವ್ರು ನೋಡಾಕತ್ತಾರ. ಅವ್ರ ಮುಂದ ಮರ್ಯಾದಿ ಕಳಕೊಳ್ಳೂದೇನವಾ?"

ವೀಕ್ಷಕರು ಮನಸಾರೆ ಮೆಚ್ಚಿಕೊಂಡರು. ಇಂಥ ಹೊಂದಾಣಿಕೆ ತಾವು ಎಲ್ಲೂ ಕಂಡಿಲ್ಲ ಎಂದರು. ದೇಹಗಳು ಬೇರೆ ಬೇರೆ ಇರುವುದು ನಿಜ, ಆದರೆ ನಿಧಿಗೆ ಬೇಕಾದದ್ದು ದೇಹಗಳ ಲೆಕ್ಕವಲ್ಲ, ನಿರ್ಧಾರಗಳ ಲೆಕ್ಕ. ಇಲ್ಲಿ ಒಬ್ಬಾಕೆ ಹೇಳಿದಂತೆ ಉಳಿದವರು ಮಾಡುವುದು ಸ್ಪಷ್ಟವಾಗಿದೆ ಎಂದು ಕೊನೆಯಲ್ಲಿ ಸೇರಿಸಿದರು. ತೂಕ ಒಂದರಿಂದ ಮೇಲೆ ಕದಲಲಿಲ್ಲ.

ಆ ಸಂಜೆ ಸಾವಂತ್ರೆವ್ವ ಇರಾವತಿಯ ಕೋಣೆಗೆ ಹೋದಳು. ನಾನೂ ಜೊತೆಗಿದ್ದೆ, ಸುದ್ದಿ ಹೇಳಬೇಕಿತ್ತಲ್ಲ. ಇಷ್ಟು ವರ್ಷ ಮೆಟ್ಟಿಲ ಕೆಳಗೆ ನಿಂತು ಕೂಗಿದ್ದೇ ಹೊರತು ಸಾವಂತ್ರೆವ್ವ ಮೇಲೆ ಹತ್ತಿದ್ದು ಅದೇ ಮೊದಲು. ಕೋಣೆ ತುಂಬ ಹಳೆ ನಳಗಳು, ಪೈಪಿನ ತುಂಡುಗಳು, ವೈರುಗಳು. ಮೂಲೆಯಲ್ಲಿ ಒಂದು ಒಲೆ, ಮೇಲೆ ಒಂದು ಪಾತ್ರೆ. ಇರಾವತಿ ಸುದ್ದಿ ಕೇಳಿ, "ಇರ್ಲಿ ಬಿಡ್ರಿ," ಎಂದಳು. ಚಹಾ ಇಡುತ್ತೇನೆಂದು ಎದ್ದವಳು ಕೊಡದೊಳಗೆ ಕೈ ಹಾಕಿ ನಿಂತಳು. ಕೊಡ ಖಾಲಿ ಇತ್ತು.

"ನಳಾ ಬಂದಾಗ ತುಂಬಲಿಲ್ಲೇನ?" ಸಾವಂತ್ರೆವ್ವ ಕೇಳಿದಳು.

"ಲಾತೂರಿನವ್ರದು ಕೆಟ್ಟಿತ್ರಿ. ಅದನ್ನ ಮಾಡ್ಕೊಂತ ಕುಂತೆ, ನೀರು ಹೋತು."

"ಹೋದ ವಾರ?"

ಇರಾವತಿ ನಕ್ಕಳು. ಸಾವಂತ್ರೆವ್ವ ಕೆಳಗಿಳಿದು ಹೋಗಿ ತನ್ನ ಮನೆಯಿಂದ ಒಂದು ಕೊಡ ಹೊತ್ತು ತಂದಿಟ್ಟಳು. ಚಹಾ ಕುಡಿಯುತ್ತ, ಕೊಲ್ಹಾಪುರದಲ್ಲಿ ಇರಲಿಕ್ಕೆ ಮನೆ ಕೊಡುತ್ತಾರೇನು, ಅಲ್ಲಿ ಊಟಕ್ಕೆ ರೊಟ್ಟಿ ಸಿಗುತ್ತದೇನು ಎಂದೆಲ್ಲ ಕೇಳಿದಳು. ಇರಾವತಿ ಎಲ್ಲದಕ್ಕೂ ಹೂಂ ಎಂದಳು.

ಮರುದಿನ ಕಟ್ಟೆಯ ಮೇಲೆ ಸಾವಂತ್ರೆವ್ವ ಎಲ್ಲರೆದುರಿಗೆ ಹೇಳಿದಳು: "ನಾ ನನ್ನ ರೊಕ್ಕಾ ಹೊಳ್ಳಿ ತಗೊಂಡೇನಿ. ಹೋಗ್ಲಿ ಆಕಿ."

ಜೈತುನಬಿಗೆ ತಾನು ಕೇಳಿದ್ದು ನಂಬಲಾಗಲಿಲ್ಲ. "ಏನಂದಿ?"

"ಹೋಗ್ಲಿ ಅಂದೆ. ನಮ್ಮ ಕೊಡಾ ತುಂಬಿಸಿ ತುಂಬಿಸಿ ಆಕಿ ಕೊಡಾ ಖಾಲಿ ಉಳದೈತಿ. ಇನ್ನ ಎಷ್ಟ ವರ್ಷ ಹಂಗ ಇರ್ಬೇಕು? ನನ್ನ ಮಗಳಾಗಿದ್ರ ನಾ ಎಂದೋ ಕಳಸ್ತಿದ್ದೆ."

"ಮತ್ತ ನಳಾ?"

"ಮೊದಲ ಹೆಂಗಿದ್ವಿ? ಬಾಗಲಾ ತಗದಿಟ್ಟು ಕಾಯ್ತಿದ್ವಿ. ಹಂಗ ಕಾಯೂಣು."

"ಕಾಯಾಕ ನಿನಗೇನ, ಕಾಲು ಗಟ್ಟಿ ಅದಾವು. ನನ್ನ ಮಂಡಿ ಯಾರು ಕೇಳ್ಬೇಕು?" ಜೈತುನಬಿಯ ದನಿ ಏರಿತು. "ಆಕಿ ನಮ್ಮ ಹುಡುಗಿ. ಇಲ್ಲೇ ಇರ್ಲಿ. ನಾವ ನೋಡ್ಕೊಳ್ಳೂಣು."

"ಇಷ್ಟ ದಿನಾ ಯಾರ ನೋಡ್ಕೊಂಡಿರಿ? ನೀ ನೋಡ್ಕೊಂಡ್ಯೇನ? ನಾ ನೋಡ್ಕೊಂಡ್ನೇನ?"

ಆ ದಿನ ಶುರುವಾದ ಜಗಳ ಒಂದೊಂದೇ ಮನೆಗೆ ಹಬ್ಬಿತು. ನೀರಿನ ಜಗಳವಾದರೆ ನೀರು ನಿಂತೊಡನೆ ನಿಲ್ಲುತ್ತಿತ್ತು, ಇದು ನಿಲ್ಲಲೇ ಇಲ್ಲ. ಸಾವಂತ್ರೆವ್ವ ಹೇಳಿದ್ದು ಸರಿ ಎಂದು ಕೆಲವರು ಹಣ ಹಿಂದಕ್ಕೆ ತೆಗೆದುಕೊಂಡರು, ಯೋಚಿಸಿ ಎರಡು ದಿನ ಬಿಟ್ಟು ಕೆಲವರು ತೆಗೆದರು. ಜೈತುನಬಿ ಹಟಕ್ಕೆ ಬಿದ್ದು ಹತ್ತರ ಜಾಗದಲ್ಲಿ ಐವತ್ತು ಹಾಕಿದಳು. ತೆಗೆದವರಲ್ಲಿ ಇಬ್ಬರು ಮನಸ್ಸು ತಡೆಯದೆ ಮತ್ತೆ ಹಾಕಿದರು. ನಮ್ಮ ಮನೆಯಲ್ಲೇ ಎರಡು ಪಕ್ಷ. ನನ್ನ ಗಂಡ ಪ್ರಮೋದ ತೆಗೆದ, ನಮ್ಮ ಅತ್ತೆ ಇಪ್ಪತ್ತು ಹಾಕಿದರು. ಊಟಕ್ಕೆ ಕೂತರೆ ಅತ್ತೆ ಮಗನ ತಾಟಿಗೆ ಪಲ್ಯವನ್ನು ದೂರದಿಂದಲೇ ಸರಿಸುತ್ತಿದ್ದರು. ನಿಧಿಯ ನೌಕರಿಯಲ್ಲಿದ್ದುದರಿಂದ ನಾನು ಕೊಡುವ ಹಾಗೂ ಇರಲಿಲ್ಲ, ತೆಗೆಯುವ ಹಾಗೂ ಇರಲಿಲ್ಲ. ಇಬ್ಬರ ಬೈಗುಳವೂ ನನಗೇ.

ಎಲ್ಲಕ್ಕಿಂತ ಕೆಟ್ಟದೆಂದರೆ ಸಾವಂತ್ರೆವ್ವ ಜೈತುನಬಿ ಮಾತು ಬಿಟ್ಟದ್ದು. ಒಬ್ಬರ ಮನೆಯ ರೊಟ್ಟಿ ಇನ್ನೊಬ್ಬರ ಮನೆಯ ಸಾರು ಎಂದು ಬದುಕಿದ ಎದುರುಬದುರು ಬಾಗಿಲುಗಳು ಮುಚ್ಚಿಕೊಂಡವು. ಮುಂದಿನ ಸಲ ನಳ ಬಂದಾಗ ಯಾರೂ ಕೂಗಾಡಲಿಲ್ಲ. ತಮ್ಮ ತಮ್ಮ ಕೊಡ ತುಂಬಿಕೊಂಡು ಎಲ್ಲರೂ ಒಳಗೆ ಹೋದರು. ನನಗೆ ಅಳು ಬಂತು. ನಿಧಿಯೂ ಬೇಡ, ಏನೂ ಬೇಡ, ಈ ಓಣಿ ಮೊದಲಿನಂತಾದರೆ ಸಾಕು ಎನ್ನಿಸಿತು.

ಸುತ್ತು ಮುಗಿಯಲು ಬಂದಿತ್ತು. ಕಚೇರಿಯಲ್ಲಿ ನಾನು ಆ ಗಂಟಿನ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಕಟ್ಟಿ ಸರ್ ಕರೆದರು.

"ಮಂದಾಕಿನಿ, ಏನ್ ಮಾಡ್ಯಾರ್ರೀ ನಿಮ್ಮ ಓಣಿಯವ್ರು?"

ಪರದೆಯ ಮೇಲೆ ಗಂಟು ಬಿಚ್ಚಿತ್ತು. ಒಂದು ಚುಕ್ಕೆ ಅತ್ತ, ಒಂದು ಚುಕ್ಕೆ ಇತ್ತ, ಒಂದೇ ಮನೆಯ ಎರಡು ಚುಕ್ಕೆಗಳು ಒಂದಕ್ಕೊಂದು ಬೆನ್ನು ತಿರುಗಿಸಿ ದೂರ ನಿಂತಿದ್ದವು. ಕೊಟ್ಟವರ ಸಂಖ್ಯೆ ಮೊದಲಿಗಿಂತ ಕಡಿಮೆ. ತೂಕ ಮಾತ್ರ ಏರಿತ್ತು, ನಾನು ನೋಡುತ್ತಿದ್ದ ಹಾಗೆ ಇನ್ನೂ ಏರುತ್ತಿತ್ತು.

ಕಟ್ಟಿ ಸರ್ ನಿಧಾನಕ್ಕೆ ಬಿಡಿಸಿ ಹೇಳಿದರು. ಸುಳ್ಳು ತಲೆ ಮಾಡಿಕೊಂಡ ಕಳ್ಳ ತನ್ನ ಮೇಲೆ ತಾನೇ ಮುನಿಸಿಕೊಳ್ಳುವುದಿಲ್ಲ. ಹೆಬ್ಬೆಟ್ಟು ಕೊಂಡ ಪುಢಾರಿ ಹಿಂದೆ ಸರಿದರೆ ಅವನ ಮಂದಿಯೆಲ್ಲ ಒಂದೇ ಸಲಕ್ಕೆ ಹಿಂದೆ ಸರಿಯುತ್ತದೆ. ಇಲ್ಲಿ ಮುಂದಾಳು ಎಂದು ವೀಕ್ಷಕರು ಹೇಳಿದ ಆ ಒಬ್ಬಾಕೆಯೇ ಮೊದಲು ಹಿಂದೆ ಸರಿದಿದ್ದಾಳೆ, ಆದರೂ ಅರ್ಧ ಓಣಿ ಅವಳ ಮಾತು ಕೇಳಿಲ್ಲ. ಕೇಳಿದವರೂ ತಮ್ಮ ತಮ್ಮ ಹೊತ್ತಿಗೆ ತಾವೇ ನಿರ್ಧರಿಸಿದ್ದಾರೆ. ಇದು ಒಬ್ಬರಲ್ಲ.

ವೀಕ್ಷಕರೂ ಅದನ್ನೇ ಬರೆದರು. ಮೂರುಬಾವಿ ಓಣಿಯನ್ನು ಮುಂದಿಟ್ಟುಕೊಂಡು, ನೀರು ಬಂದಾಗ ಒಟ್ಟಿಗೆ ಕೊಡುವುದು ಮೋಸವಲ್ಲ, ಆ ಜನರ ರೂಢಿ ಎಂದು ಒಪ್ಪಿ ಲಾತೂರು, ವಿಜಯಪುರ, ನೈರೋಬಿಯ ಓಣಿಗಳನ್ನೂ ಮತ್ತೆ ಎಣಿಸಿದರು. ಸುತ್ತಿನ ಕೊನೆಯ ದಿನ ಹಗೇವು ಬಾಯಿ ತೆರೆಯಿತು. ಇರಾವತಿ ಎಷ್ಟೋ ವರ್ಷ ನೆಮ್ಮದಿಯಾಗಿ ಕೂತು ಕೆಲಸ ಮಾಡಬಹುದಾದಷ್ಟು.

ಇದೆಲ್ಲ ಆಗಿ ಒಂದು ಆಯುಷ್ಯವೇ ಕಳೆಯಿತು. ಈಗ ನಮ್ಮ ಊರಿಗೆ ದಿನವಿಡೀ ನೀರು. ಇರಾವತಿಯ ತಂತ್ರಾಂಶ ಪೈಪು ಎಲ್ಲಿ ಸೋರುತ್ತದೆ ಎಂದು ಕೇಳಿಸಿಕೊಳ್ಳಲು ಕಲಿತ ಮೇಲೆ ಪೋಲಾಗುತ್ತಿದ್ದ ನೀರೆಲ್ಲ ಉಳಿದು ಊರಿಗೇ ಸಿಕ್ಕಿತು. ಒಳ್ಳೆಯದೇ ಆಯಿತು, ನಾನೇನು ಬೇಡ ಎನ್ನುವುದಿಲ್ಲ. ಆದರೆ ಓಣಿಯಲ್ಲಿ ಈಗ ಯಾರ ಬಾಗಿಲೂ ತೆರೆದಿರುವುದಿಲ್ಲ, ಪಕ್ಕದ ಮನೆಗೆ ಬಂದ ಹೊಸಬರ ಹೆಸರು ನನಗಿನ್ನೂ ಗೊತ್ತಿಲ್ಲ. ಒಮ್ಮೊಮ್ಮೆ ಮಧ್ಯಾಹ್ನ ಒಬ್ಬಳೇ ಕೂತಾಗ, ಆ ಕೊಡಗಳ ಸದ್ದು, ಆ ಬೈಗುಳ, ತೊಯ್ದ ಕೈ ಒರೆಸಲು ಸೆರಗು ಹಿಡಿದು ನಿಂತ ಆ ಸಾವಂತ್ರೆವ್ವ, ಎಲ್ಲ ನೆನಪಾಗುತ್ತದೆ. ಅದರಲ್ಲೂ ಬಹಳ ನೆನಪಾಗುವುದು ನಿಧಿಯ ಸುದ್ದಿ ಬಂದ ಆ ಸಂಜೆ.

ಓಣಿಯೆಲ್ಲ ಇರಾವತಿಯ ಮೆಟ್ಟಿಲ ಬಳಿ ಸೇರಿತ್ತು. ಜೈತುನಬಿ ಸಕ್ಕರೆ ಹಂಚಿದಳು. ಸಾವಂತ್ರೆವ್ವ ಮಾತ್ರ ಹೊರಗೆ ಬರಲಿಲ್ಲ. ಇರಾವತಿ ನನ್ನ ಕೈ ಹಿಡಿದುಕೊಂಡು ಅವಳ ಮನೆಗೆ ನಡೆದಳು. ಸಾವಂತ್ರೆವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ತಿರುಗಿ ನೋಡಲಿಲ್ಲ.

"ಇನ್ನ ಹೋಗಂಗಿಲ್ಲಲ್ಲ ನೀ?"

"ಇಲ್ರಿ."

"ತಪ್ಪ ಮಾಡ್ದಿ ತಂಗಿ. ನಾ ನಿನ್ನ ಮ್ಯಾಲಿನ ಸಿಟ್ಟಿಗೆ ರೊಕ್ಕಾ ತಗೀಲಿಲ್ಲ. ನೀ ಹೋಗ್ಲಿ, ಒಂದೀಟು ಚಂದಾಗಿ ಇರ್ಲಿ ಅಂತ ತಗದೆ. ಅದ ನಿನ್ನ ಇಲ್ಲಿ ಕಟ್ಟಿ ಹಾಕ್ತು ಅಂತಾರ. ನನ್ನ ಕೈಯಾರೆ ಹಿಂಗಾತಲ್ಲ ಅಂತ ಕುಂತೇನಿ."

ಇರಾವತಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ನಿಧಿ ಬರೂಕಿಂತ ಮೊದಲ ನಾ ಕೊಲ್ಹಾಪುರದವ್ರಿಗೆ ಬರಂಗಿಲ್ಲ ಅಂತ ಹೇಳೇನ್ರಿ. ನೀವು ರೊಕ್ಕಾ ಹೊಳ್ಳಿ ತಗೊಂಡ ದಿನಾನ ಹೇಳೇನಿ."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಯಾಕ?"

"ಇಷ್ಟ ವರ್ಷ ಎಲ್ಲಾರೂ ನಳಾ ಯಾವಾಗ ಬರತೈತಿ ಅಂತ ಕೇಳಿದ್ರು. ನೀ ಉಂಡಿಯೇನು, ನಿನ್ನ ಕೊಡಾ ತುಂಬೈತೇನು ಅಂತ ಒಬ್ರೂ ಕೇಳಲಿಲ್ಲ. ಹೋಗಿಬಿಡೂಣು ಅಂತನ ಮಾಡಿದ್ದೆ ನಾ. ನೀವು ನಮ್ಮ ನೀರ ಹೋದ್ರೂ ಹೋಗ್ಲಿ, ಆಕಿ ಚಂದಾಗಿರ್ಲಿ ಅಂದ್ರಿ. ಹಂಗ ಅನ್ನೋರು ಇದ್ದ ಓಣಿ ಬಿಟ್ಟು ನಾ ಎಲ್ಲಿಗ್ ಹೋಗ್ಲಿ?"

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಸಾವಂತ್ರೆವ್ವ ತೆಗೆಯಲಿಲ್ಲ. "ಹುಚ್ಚಿ," ಎಂದಳು, ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಬೇರೆ ರೊಟ್ಟಿ ಬಡಿದು, ಬೇಯಿಸಿ, ತಾಟಿಗೆ ಹಾಕಿ, ಮೇಲೆ ಶೇಂಗಾ ಚಟ್ನಿ ಇಟ್ಟು ಎಣ್ಣೆ ಬಿಟ್ಟು ಇರಾವತಿಯ ಮುಂದಿಟ್ಟಳು. ಮೊಣಕಾಲಿಗೆ ಕೈಕೊಟ್ಟು ಎದ್ದು ಹೋಗಿ ಬಾಗಿಲು ತೆರೆದು, ಓಣಿಯ ಆಚೆ ಬದಿಗೆ ಕೂಗಿದಳು.

"ಏ ಜೈತುನಬಿ, ಬಾ ಇಲ್ಲೆ. ಹುಡುಗಿ ಉಣ್ಣಾಕ ಕುಂತಾಳ, ನಿನ್ನ ಮನಿ ಸಾರು ತಗೊಂಡು ಬಾ."